ಕೊಡುವಾಗ ವರ್ಷ, ವಸೂಲಿಗೆ ತಿಂಗಳು

ತಾಳಿಕೋಟೆ ಎಂದೊಡನೆ ಹೊರಗಿನವರಿಗೆ ನೆನಪಾಗುವುದು 1565ರ ಯುದ್ಧ. ಕಾಳಗ ನಡೆದದ್ದು ಊರಿನಿಂದ ದೂರ, ಕೃಷ್ಣೆಯ ಆಸುಪಾಸಿನಲ್ಲಿ. ಹೆಸರು ಮಾತ್ರ ತಾಳಿಕೋಟೆಗೆ ಅಂಟಿಕೊಂಡಿತು. ಊರಿನವರನ್ನು ಮಾತಿಗೆಳೆದರೆ ಅವರು ಯುದ್ಧದ ಸುದ್ದಿ ಎತ್ತುವುದಿಲ್ಲ. ಡೋಣಿ ಹೊಳೆಯ ಬಗ್ಗೆ, ಎರಿ ಹೊಲದ ಬಿಳಿಜೋಳದ ಬಗ್ಗೆ, ತೊಗರಿಯ ದರದ ಬಗ್ಗೆ ಮಾತಾಡುತ್ತಾರೆ. ಮಾತು ಇನ್ನೂ ಸ್ವಲ್ಪ ಬೆಳೆದರೆ ಸಾಲದ ಬಗ್ಗೆ.

ಕೆಲವು ಸಮಯದ ಹಿಂದೆ ಆ ಊರಿನ ಪರಿಚಿತರೊಬ್ಬರ ಮನೆಯಲ್ಲಿ ನಾವು ಕುಳಿತಿದ್ದೆವು. ಮನೆಯ ಯಜಮಾನರು ಅಡತಿ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಚೀಲ ಹೊತ್ತವರು, ತೂಕ ಮಾಡಿದವರು. ಸಹಿ ಹಾಕುವಷ್ಟು ಅಕ್ಷರ ಬಲ್ಲರು. ಮಗ ಪದವೀಧರ, ಬೆಂಗಳೂರಿನ ಖಾಸಗಿ ಕಂಪೆನಿಯೊಂದರಲ್ಲಿ ನೌಕರ. ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಆತ ಕ್ರೆಡಿಟ್ ಕಾರ್ಡಿನಿಂದ 20,000 ರೂಪಾಯಿ ಕಟ್ಟಿದ್ದ. ವರ್ಷ ಕಳೆದಿತ್ತು. ಪ್ರತಿ ತಿಂಗಳು ಬಿಲ್ಲಿನಲ್ಲಿ ಬರೆದಿದ್ದ 'ಕನಿಷ್ಠ ಮೊತ್ತ'ವನ್ನು ತಪ್ಪದೆ ಕಟ್ಟಿದ್ದ. ಒಟ್ಟು ಹನ್ನೆರಡು ಸಾವಿರದ ಹತ್ತಿರ ಕಟ್ಟಿಯೂ ಬಾಕಿ ಹದಿನೇಳೂವರೆ ಸಾವಿರ ಉಳಿದಿತ್ತು. ಎಲ್ಲೋ ಲೆಕ್ಕ ತಪ್ಪಿದೆ, ಬ್ಯಾಂಕಿಗೆ ದೂರು ಬರೆದುಕೊಡಿ ಎಂದು ಆತ ನಮ್ಮ ಮುಂದೆ ಕಾಗದ ಹಿಡಿದ. ಮನೆ ಸಾಲಕ್ಕೇ ಒಂಬತ್ತು ಪರ್ಸೆಂಟ್ ಇರುವಾಗ ಇದು ಬರೀ ಮೂರೂವರೆ ಎಂದು ಕಾರ್ಡು ಕೊಟ್ಟವರು ಹೇಳಿದ್ದರಂತೆ.

ತಂದೆ ಮೂಲೆಯಿಂದ ಕೇಳಿದರು:

"ನೂರಕ್ಕ ಮೂರೂವರಿ ಅಂದ್ರ ತಿಂಗಳಿಗೇನೋ, ವರ್ಷಕ್ಕೇನೋ ತಮ್ಮಾ?"

ಮಗ ಕಾಗದವನ್ನು ತಿರುಗಿಸಿ ನೋಡಿದ. "ತಿಂಗಳಿಗೆ ಇರಬೇಕಪಾ."

"ಹಂಗಾದ್ರ ವರ್ಷಕ್ಕ ನಲವತ್ತೆರಡಾತು. ಇದರಕಿಂತ ನಮ್ಮೂರ ಸಾವ್ಕಾರನ ಚಲೋ ಇದ್ದನಲ್ಲೋ!"

ನಾವು ನಕ್ಕೆವು. ಮಗ ನಗಲಿಲ್ಲ. ಲೆಕ್ಕದಲ್ಲಿ ಯಾವ ತಪ್ಪೂ ಇರಲಿಲ್ಲ, ದೂರು ಬರೆಯುವ ಅಗತ್ಯವೂ ಬೀಳಲಿಲ್ಲ. ಆದರೆ ಅಂದಿನಿಂದ ಒಂದು ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಆತನಿಗೆ ಯಾರೂ ಸುಳ್ಳು ಹೇಳಿರಲಿಲ್ಲ. ಹಾಗಿದ್ದರೂ ಆತ ಮೋಸಹೋಗಿದ್ದ. ಸುಳ್ಳು ಹೇಳದೆಯೂ ಮೋಸ ಮಾಡಲು ಸಾಧ್ಯವೇ? ಸಾಧ್ಯವಾದರೆ ಅದರ ಹೊಣೆ ಯಾರದು?

ಲೆಕ್ಕ ಏನು ಹೇಳುತ್ತದೆ?

ಮೊದಲು ಲೆಕ್ಕವನ್ನೇ ನೋಡೋಣ. ನಮ್ಮ ದೇಶದ ಅನೇಕ ಕ್ರೆಡಿಟ್ ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇ. 3.5ರ ಆಸುಪಾಸಿನಲ್ಲಿದೆ. ಹನ್ನೆರಡರಿಂದ ಗುಣಿಸಿದರೆ ವರ್ಷಕ್ಕೆ ಶೇ. 42. ಪ್ರತಿ ತಿಂಗಳ ಬಡ್ಡಿಯೂ ಅಸಲಿಗೆ ಸೇರಿ ಬಡ್ಡಿಯ ಮೇಲೆ ಬಡ್ಡಿ ಬೆಳೆಯುತ್ತ ಹೋದರೆ, ಗಣಿತದ ಪ್ರಕಾರ ವರ್ಷದ ಕೊನೆಗೆ ಅದು ಶೇ. 51 ದಾಟುತ್ತದೆ. ಇದಲ್ಲದೆ ಬಡ್ಡಿಯ ಮೇಲೆ ಶೇ. 18ರಷ್ಟು ಜಿಎಸ್‌ಟಿ ಇದೆ. ಅದನ್ನೂ ಸೇರಿಸಿದರೆ 3.5 ಎಂಬುದು 4.13 ಆಗುತ್ತದೆ.

ಆ ಹುಡುಗನ ಬಾಕಿ 20,000. ಒಂದು ತಿಂಗಳ ಬಡ್ಡಿ 700 ರೂಪಾಯಿ, ತೆರಿಗೆ 126, ಒಟ್ಟು 826. ಕನಿಷ್ಠ ಮೊತ್ತ ಬಾಕಿಯ ಶೇ. 5 ಎಂದರೆ ಸಾವಿರ ರೂಪಾಯಿಯ ಸುತ್ತಮುತ್ತ. ಅಂದರೆ ಕಟ್ಟಿದ ಸಾವಿರದಲ್ಲಿ ಎಂಟುನೂರಕ್ಕೂ ಹೆಚ್ಚು ಬಡ್ಡಿಗೆ ಮತ್ತು ತೆರಿಗೆಗೆ ಹೋಗಿ, ಅಸಲಿನಿಂದ ಇನ್ನೂರು ಕಳೆಯುವುದೇ ಹೆಚ್ಚು. ಹೀಗೆ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತ ಹೋದರೆ, ಹೊಸದಾಗಿ ಒಂದು ರೂಪಾಯಿ ಖರ್ಚು ಮಾಡದಿದ್ದರೂ, ಸಾಲ ಅರ್ಧಕ್ಕೆ ಇಳಿಯಲು ಐದು ವರ್ಷಕ್ಕಿಂತ ಹೆಚ್ಚು ಬೇಕು. ಪೂರ್ತಿ ಹಣ ಕಟ್ಟದವರಿಗೆ ಬಡ್ಡಿಯಿಲ್ಲದ ದಿನಗಳ ರಿಯಾಯಿತಿಯೂ ಇಲ್ಲ. ಖರೀದಿಸಿದ ದಿನದಿಂದಲೇ ಬಡ್ಡಿ ಓಡತೊಡಗುತ್ತದೆ.

3.5 ನಿಜ. 42 ನಿಜ. 51 ಕೂಡ ಒಂದು ಲೆಕ್ಕದಲ್ಲಿ ನಿಜ. ವಸ್ತು ಒಂದೇ, ನಿಜವಾದ ಅಂಕಿಗಳು ಹಲವು. ಇವುಗಳಲ್ಲಿ ಯಾವುದನ್ನು ಎದುರಿಗಿಡಬೇಕು ಎಂದು ನಿರ್ಧರಿಸುವಾತ ಗಣಿತದ ಕೆಲಸ ಮಾಡುತ್ತಿಲ್ಲ. ಅವನು ಮಾಡುತ್ತಿರುವುದು ನೀತಿಯ ಆಯ್ಕೆ.

ತಿಂಗಳ ಲೆಕ್ಕ ಕೆಟ್ಟದ್ದೇ?

ಹಾಗೆಂದು ತಿಂಗಳ ಲೆಕ್ಕವನ್ನೇ ದೂರುವುದು ಸರಿಯಲ್ಲ. ನಮ್ಮ ನಾಡಿನಲ್ಲಿ ಬಡ್ಡಿಯ ಮಾತು ಹಿಂದಿನಿಂದಲೂ ತಿಂಗಳ ಮಾತೇ. ಕೌಟಿಲ್ಯನ ಅರ್ಥಶಾಸ್ತ್ರ ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣವನ್ನು ಧರ್ಮಸಮ್ಮತ ಬಡ್ಡಿ ಎನ್ನುತ್ತದೆ. ವ್ಯಾಪಾರಕ್ಕೆ ಐದು, ಕಾಡಿನ ದಾರಿಯಲ್ಲಿ ವ್ಯಾಪಾರ ಮಾಡುವವರಿಗೆ ಹತ್ತು, ಸಮುದ್ರಯಾನದವರಿಗೆ ಇಪ್ಪತ್ತು ಎಂದು ಅಪಾಯಕ್ಕೆ ತಕ್ಕಂತೆ ಏರಿಸುತ್ತ ಹೋಗುತ್ತದೆ. ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ, ನೂರಕ್ಕೆ ತಿಂಗಳಿಗೆ ಐದು ಬಡ್ಡಿಯಾದರೆ ಹದಿನಾರಕ್ಕೆ ವರ್ಷಕ್ಕೆಷ್ಟು ಎಂಬ ಲೆಕ್ಕವಿದೆ. ತಿಂಗಳನ್ನು ವರ್ಷಕ್ಕೆ ತಿರುಗಿಸುವುದನ್ನು ಎಂಟು ಶತಮಾನಗಳ ಹಿಂದೆಯೇ ವಿದ್ಯಾರ್ಥಿಗಳಿಗೆ ಕಲಿಸಲಾಗುತ್ತಿತ್ತು ಎಂದಾಯಿತು. ಇದು ಬದುಕಿಗೆ ಬೇಕಾದ ವಿದ್ಯೆ ಎಂದು ಆ ಗಣಿತಜ್ಞರಿಗೆ ಗೊತ್ತಿತ್ತು.

ತಾಳಿಕೋಟೆ, ಮುದ್ದೇಬಿಹಾಳ, ಸಿಂದಗಿಯ ಕಡೆ ಇಂದಿಗೂ "ಎರಡು ರೂಪಾಯಿ ಬಡ್ಡಿ", "ಮೂರು ರೂಪಾಯಿ ಬಡ್ಡಿ" ಎಂದರೆ ನೂರಕ್ಕೆ, ತಿಂಗಳಿಗೆ ಎಂದೇ ಅರ್ಥ. ಬಿಡಿಸಿ ಹೇಳಬೇಕಾಗಿಲ್ಲ. ಕೊಡುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಮುಂಗಾರಿನಲ್ಲಿ ಬೀಜ, ಗೊಬ್ಬರಕ್ಕೆಂದು ಸಾಲ ಎತ್ತುವ ರೈತನಿಗೆ ಕೈಗೆ ಹಣ ಬರುವುದು ತೊಗರಿ ಮಾರಿದ ಮೇಲೆ. ಆದ್ದರಿಂದ ಅವನು ಸಾಲ ಕೇಳುವಾಗಲೇ ತಿಂಗಳುಗಳನ್ನು ಬೆರಳಿನಲ್ಲಿ ಎಣಿಸುತ್ತಾನೆ. ಮೂರರಂತೆ ಏಳು ತಿಂಗಳಿಗೆ ಇಪ್ಪತ್ತೊಂದು. ಅವನ ಬದುಕು ವರ್ಷಕ್ಕೊಮ್ಮೆ ಲೆಕ್ಕ ಕೇಳುವುದರಿಂದ ಗುಣಾಕಾರ ಅವನಿಗೆ ಅನಿವಾರ್ಯ. ಆ ಬಡ್ಡಿ ಕ್ರೂರವಾಗಿರಬಹುದು, ಅನೇಕ ಮನೆಗಳನ್ನು ಅದು ನುಂಗಿದೆ. ಆದರೆ ಅದು ತನ್ನ ಮುಖವನ್ನು ಮುಚ್ಚಿಕೊಂಡಿಲ್ಲ.

ಸಂಬಳದ ಬದುಕು ಬೇರೆ. ಅಲ್ಲಿ ಎಲ್ಲವೂ ತಿಂಗಳದ್ದು: ಬಾಡಿಗೆ, ಹಾಲು, ಶಾಲೆಯ ಫೀಸು, ಕಂತು. ಮುಂದಿನ ಒಂದನೇ ತಾರೀಕಿನಾಚೆ ನೋಡುವ ಅಗತ್ಯ ಬರುವುದಿಲ್ಲ. ಅವನನ್ನು ಗುಣಿಸಲು ಹಚ್ಚುವವರು ಯಾರೂ ಇಲ್ಲ. ಅಪ್ಪನಿಗೆ ಕ್ಷಣದಲ್ಲಿ ಹೊಳೆದದ್ದು ಪದವೀಧರ ಮಗನಿಗೆ ಒಂದು ವರ್ಷ ಹೊಳೆಯದೇ ಇದ್ದುದಕ್ಕೆ ದಡ್ಡತನ ಕಾರಣವಲ್ಲ. ಆತ ಬ್ಯಾಂಕಿನ ಭಾಷೆ ಕಲಿತವನು. ಬ್ಯಾಂಕಿನ ಭಾಷೆಯಲ್ಲಿ ಬಡ್ಡಿಯೆಂದರೆ ವರ್ಷದ್ದು. ಠೇವಣಿಗೆ ವರ್ಷ, ಮನೆ ಸಾಲಕ್ಕೆ ವರ್ಷ, ಬೆಳೆ ಸಾಲಕ್ಕೆ ವರ್ಷ. ಆ ಭಾಷೆಯ ನಡುವೆ ಒಂದೇ ಒಂದು ಕಡೆ ಸದ್ದಿಲ್ಲದೆ ಸಾವ್ಕಾರನ ಭಾಷೆಯನ್ನು ಸೇರಿಸಲಾಗಿತ್ತು. ಅವನು ಎಡವಿದ್ದು ಅಲ್ಲಿ.

ಆದ್ದರಿಂದ ದೋಷ ತಿಂಗಳಿನಲ್ಲಿಲ್ಲ, ವರ್ಷದಲ್ಲೂ ಇಲ್ಲ. ಅಳತೆಗೋಲನ್ನು ನಡುವೆ ಬದಲಾಯಿಸುವುದರಲ್ಲಿದೆ. ಬ್ಯಾಂಕು ಠೇವಣಿಗೆ ಶೇ. 7 ಬಡ್ಡಿ ಕೊಡುವುದಾದರೆ ಫಲಕದ ಮೇಲೆ 7 ಎಂದೇ ಬರೆಯುತ್ತದೆ. "ತಿಂಗಳಿಗೆ 0.58" ಎಂದು ಬರೆದ ಫಲಕವನ್ನು ನಾವು ಯಾರಾದರೂ ನೋಡಿದ್ದೇವೆಯೇ? ತಾನು ಕೊಡುವಾಗ ಅಂಕಿ ದೊಡ್ಡದಾಗಿ ಕಾಣಲಿ ಎಂದು ವರ್ಷ, ತಾನು ವಸೂಲು ಮಾಡುವಾಗ ಸಣ್ಣದಾಗಿ ಕಾಣಲಿ ಎಂದು ತಿಂಗಳು. ತಮಗೆ ಅಳೆದುಕೊಳ್ಳುವಾಗ ಪೂರ್ತಿ ಅಳೆದುಕೊಂಡು, ಇತರರಿಗೆ ಅಳೆದುಕೊಡುವಾಗ ಕಡಿಮೆ ಮಾಡುವವರ ಬಗ್ಗೆ ಪವಿತ್ರ ಕುರ್‌ಆನ್ ಕಠಿಣ ಎಚ್ಚರಿಕೆ ನೀಡಿದೆ. ಆ ಎಚ್ಚರಿಕೆ ಕೇವಲ ಸೇರು, ತಕ್ಕಡಿಗಳಿಗೆ ಸೀಮಿತವೆಂದು ತಿಳಿಯಲು ನಮಗೆ ಕಾರಣ ಕಾಣುವುದಿಲ್ಲ. ಅಂಕಿಯೂ ಒಂದು ಅಳತೆಯೇ.

ಒದ್ದೆ ಧಾನ್ಯ ಎಲ್ಲಿದೆ?

ಕೊಳ್ಳುವವನು ವಿಚಾರಿಸಿಕೊಳ್ಳಬೇಕು, ಕೇಳದ್ದನ್ನು ಹೇಳುವ ಹೊಣೆ ಮಾರುವವನದ್ದಲ್ಲ ಎಂಬ ವಾದ ಬಹಳ ಹಳೆಯದು. ರೋಮಿನ ಚಿಂತಕ ಸಿಸೆರೊ ಈ ಕುರಿತು ಒಂದು ಪ್ರಸಂಗವನ್ನು ಚರ್ಚಿಸಿದ್ದಾನೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ಅಲೆಕ್ಸಾಂಡ್ರಿಯಾದಿಂದ ಒಬ್ಬ ವ್ಯಾಪಾರಿ ಹಡಗಿನಲ್ಲಿ ಧಾನ್ಯ ತರುತ್ತಾನೆ. ಹಿಂದೆ ಇನ್ನೂ ಹಲವು ಹಡಗುಗಳು ಬರುತ್ತಿರುವುದನ್ನು ಆತ ದಾರಿಯಲ್ಲಿ ಕಂಡಿದ್ದಾನೆ. ಅದನ್ನು ಹೇಳಿದರೆ ದರ ಇಳಿಯುತ್ತದೆ, ಸುಮ್ಮನಿದ್ದರೆ ಭಾರೀ ಲಾಭ. ಹೇಳಬೇಕೇ, ಬೇಡವೇ? ಇಬ್ಬರು ತತ್ವಜ್ಞಾನಿಗಳಲ್ಲಿ ಒಬ್ಬ, ಸುಮ್ಮನಿರುವುದು ಬೇರೆ, ಮುಚ್ಚಿಡುವುದು ಬೇರೆ ಎಂದು ವಾದಿಸುತ್ತಾನೆ. ಇನ್ನೊಬ್ಬನಿಗೆ ಅದು ಒಪ್ಪಿಗೆಯಿಲ್ಲ. ಸಿಸೆರೊ ಕೊನೆಗೆ ನಿಲ್ಲುವುದು ಹೇಳಬೇಕೆನ್ನುವವನ ಕಡೆಗೆ. ನಿನ್ನ ಲಾಭಕ್ಕಾಗಿ, ತಿಳಿಯಬೇಕಾದವನಿಗೆ ತಿಳಿಯದಂತೆ ಮಾಡಿದರೆ ಅದು ಮುಚ್ಚಿಡುವುದೇ ಸರಿ ಎಂಬುದು ಅವನ ನಿಲುವು.

ಧಾನ್ಯದ ಇನ್ನೊಂದು ಪ್ರಸಂಗ ಪ್ರವಾದಿ ಮುಹಮ್ಮದ್(ಸ)ರ ಜೀವನದ್ದು, ಹದೀಸ್ ಗ್ರಂಥಗಳಲ್ಲಿ ದಾಖಲಾಗಿರುವಂಥದ್ದು. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ಅವರು ನಿಂತು ಒಳಗೆ ಕೈ ಹಾಕುತ್ತಾರೆ. ಬೆರಳುಗಳಿಗೆ ತೇವ ತಾಗುತ್ತದೆ. ಇದೇನೆಂದು ಕೇಳಿದಾಗ ವ್ಯಾಪಾರಿ ಮಳೆಗೆ ನೆನೆಯಿತೆನ್ನುತ್ತಾನೆ. ಹಾಗಾದರೆ ಜನರಿಗೆ ಕಾಣುವಂತೆ ನೆನೆದುದನ್ನು ಮೇಲೇಕೆ ಇಡಲಿಲ್ಲ ಎಂದು ಅವರು ಪ್ರಶ್ನಿಸುತ್ತಾರೆ.

ಈ ಪ್ರಸಂಗವನ್ನು ನಾವು ಎಷ್ಟೋ ಬಾರಿ ಕೇಳಿದ್ದೇವೆ, ಆದರೆ ಅದರ ಒಂದು ಸೂಕ್ಷ್ಮವನ್ನು ಗಮನಿಸಿರುವುದಿಲ್ಲ. ಆ ವ್ಯಾಪಾರಿ ಸುಳ್ಳು ಹೇಳಿರಲಿಲ್ಲ. ಕೇಳಿದಾಗ ನಿಜವನ್ನೇ ನುಡಿದ. ಮಳೆಯೂ ಅವನ ತಪ್ಪಲ್ಲ. ತಪ್ಪಿದ್ದುದು ಜೋಡಿಸಿದ ರೀತಿಯಲ್ಲಿ: ಒಣಗಿದ್ದು ಮೇಲೆ, ನೆನೆದದ್ದು ಕೆಳಗೆ. ಅಡತಿ ಅಂಗಡಿಯಲ್ಲಿ ಮೂವತ್ತು ವರ್ಷ ಕಳೆದ ಆ ಹಿರಿಯರಿಗೆ ಇದನ್ನು ಹೇಳಿದಾಗ ಅವರು ತಲೆಯಾಡಿಸಿದರು. ಚೀಲದ ಬಾಯಿಯ ಕಾಳು ನೋಡಿ ಯಾರೂ ದರ ಕಟ್ಟುವುದಿಲ್ಲ, ಚೀಲದ ಹೊಟ್ಟೆಗೆ ಬಂಬು ಚುಚ್ಚಿ ಕಾಳು ತೆಗೆದು ನೋಡುತ್ತಾರೆ ಎಂದರು. ಕಾರ್ಡಿನ ಕಾಗದದಲ್ಲಿ 3.5 ಎಂಬುದು ಚೀಲದ ಬಾಯಿಯ ಕಾಳು. 42 ಎಂಬುದು ಹೊಟ್ಟೆಯೊಳಗಿನದು.

ಕಾನೂನು ಎಲ್ಲಿಯವರೆಗೆ?

ಕಾನೂನು ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಅಮೆರಿಕ 1968ರಲ್ಲೇ ಸಾಲದ ಸತ್ಯ ಹೇಳುವ ಕಾಯ್ದೆ ತಂದು, ಸಾಲ ಕೊಡುವವರೆಲ್ಲ ವಾರ್ಷಿಕ ದರವನ್ನು ತಿಳಿಸಬೇಕೆಂದು ವಿಧಿಸಿತು. ನಮ್ಮ ರಿಸರ್ವ್ ಬ್ಯಾಂಕ್ 2005ರ ಮಾರ್ಗಸೂಚಿಯಲ್ಲಿ ಕಾರ್ಡು ಕೊಡುವ ಬ್ಯಾಂಕುಗಳು ವಾರ್ಷಿಕ ಶೇಕಡಾವಾರು ದರ ನಮೂದಿಸಬೇಕೆಂದಿತು. 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆಂಬ ಎಚ್ಚರಿಕೆಯನ್ನೂ ಬಿಲ್ಲಿನಲ್ಲಿ ಮುದ್ರಿಸಬೇಕು. ಆ ಹುಡುಗನ ಬಿಲ್ಲಿನಲ್ಲೂ ಅದು ಇತ್ತು. ಹಿಂಬದಿಯಲ್ಲಿ, ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಂಥ ಅಕ್ಷರಗಳಲ್ಲಿ.

ದರಕ್ಕೆ ಮಿತಿ ಹಾಕುವ ಪ್ರಯತ್ನವೂ ನಡೆದಿತ್ತು. 2008ರ ಜುಲೈನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು, ಗಡುವಿನೊಳಗೆ ಹಣ ಕಟ್ಟದ ಕಾರ್ಡುದಾರರಿಂದ ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ವಸೂಲು ಮಾಡುವುದು ಅನುಚಿತ ವ್ಯಾಪಾರ ಪದ್ಧತಿ ಎಂದಿತು. ಹದಿನಾರು ವರ್ಷಗಳ ನಂತರ, 2024ರ ಡಿಸೆಂಬರ್ 20ರಂದು, ಸುಪ್ರೀಮ್ ಕೋರ್ಟು ಆ ತೀರ್ಪನ್ನು ರದ್ದುಪಡಿಸಿತು. ದರ ನಿಗದಿ ಬ್ಯಾಂಕುಗಳಿಗೂ ರಿಸರ್ವ್ ಬ್ಯಾಂಕಿಗೂ ಬಿಟ್ಟ ವಿಷಯ, ಕಾರ್ಡುದಾರರು ಷರತ್ತುಗಳನ್ನು ತಿಳಿದೇ ಒಪ್ಪಿದವರು ಎಂಬುದು ಆ ತೀರ್ಪಿನ ತರ್ಕ. ನ್ಯಾಯಾಲಯದ ಮಾತನ್ನು ನಾವು ಗೌರವಿಸುತ್ತೇವೆ. ಆದರೆ 'ತಿಳಿದು ಒಪ್ಪಿದವರು' ಎಂಬಲ್ಲಿ ನಮಗೆ ತಾಳಿಕೋಟೆಯ ಆ ಮನೆ ನೆನಪಾಗುತ್ತದೆ. ಒಪ್ಪಿಗೆ ಇತ್ತು, ಸಹಿ ಇತ್ತು. ತಿಳಿವು ಮೂಲೆಯಲ್ಲಿ ಕುಳಿತಿದ್ದ ಅನಕ್ಷರಸ್ಥ ತಂದೆಯ ಬಳಿಯಿತ್ತು, ಸಹಿ ಹಾಕಿದವನ ಬಳಿ ಇರಲಿಲ್ಲ.

ಸಾಲದ ದಾಖಲೆಯ ಕುರಿತು ಕುರ್‌ಆನಿನಲ್ಲೊಂದು ವಚನವಿದೆ. ಇಡೀ ಗ್ರಂಥದಲ್ಲೇ ಅತಿ ದೀರ್ಘವಾದ ವಚನ ಅದು. ಸಾಲವನ್ನು ಬರೆದಿಡಿ, ಬರೆಯುವಾತ ನ್ಯಾಯವಾಗಿ ಬರೆಯಲಿ, ಸಾಕ್ಷಿಗಳಿರಲಿ ಎಂಬ ಆದೇಶಗಳ ನಡುವೆ ಒಂದು ಅಪೂರ್ವ ನಿಯಮ ಬರುತ್ತದೆ: ಪತ್ರದ ಒಕ್ಕಣೆಯನ್ನು ಹೇಳಿ ಬರೆಸಬೇಕಾದವನು ಸಾಲ ಪಡೆದವನು. ಅವನಿಗೆ ಶಕ್ತಿಯಿಲ್ಲದಿದ್ದರೆ ಅವನ ಪರವಾಗಿ ಅವನ ಪೋಷಕ ಹೇಳಿ ಬರೆಸಬೇಕು. ಇದರ ವಿವೇಕವನ್ನು ಯೋಚಿಸಿ ನೋಡಿ. ತಾನೇ ಬಾಯಿಬಿಟ್ಟು ಹೇಳಬೇಕಾದವನಿಗೆ ತಾನೇನು ಒಪ್ಪುತ್ತಿದ್ದೇನೆ ಎಂದು ತಿಳಿಯದೇ ಇರಲು ಸಾಧ್ಯವಿಲ್ಲ. ಇಂದು ಒಕ್ಕಣೆ ಕೊಡುವವನದು, ಭಾಷೆ ಕೊಡುವವನದು, ಅಕ್ಷರದ ಗಾತ್ರವೂ ಕೊಡುವವನದು. ಪಡೆಯುವವನದು ಹೆಬ್ಬೆರಳು ಮಾತ್ರ, ಅದೂ ಈಗ ಮೊಬೈಲಿನ ಗಾಜಿನ ಮೇಲೆ.

ತಾಳಿಕೋಟೆ ಹಿಂದೆ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಗೆ ಸೇರಿತ್ತು. ಆ ಪ್ರಾಂತದ ನ್ಯಾಯಾಲಯಗಳು ಹಿಂದೂ ನ್ಯಾಯಶಾಸ್ತ್ರದ ದಾಮ್‌ದುಪಟ್ ಎಂಬ ನಿಯಮವನ್ನು ಮಾನ್ಯ ಮಾಡುತ್ತಿದ್ದವು. ಬಾಕಿ ಬಡ್ಡಿ ಒಂದೇ ಬಾರಿಗೆ ಅಸಲಿಗಿಂತ ಹೆಚ್ಚು ವಸೂಲಾಗಕೂಡದು ಎಂಬುದು ಅದರ ಸಾರ. ಬಡ್ಡಿಯನ್ನು ಒಪ್ಪಿದ ಪರಂಪರೆ ಅದಕ್ಕೊಂದು ಎಲ್ಲೆ ಕಟ್ಟಿತು, ಒಪ್ಪದ ಪರಂಪರೆ ಅದನ್ನು ನಿಷೇಧಿಸಿತು. ಎರಡರ ಹಿಂದೆಯೂ ಇದ್ದದ್ದು ಒಂದೇ ಅಂಜಿಕೆ: ಕಾಲ ಸರಿದಂತೆ ಮನುಷ್ಯನ ಕಷ್ಟವೇ ಇನ್ನೊಬ್ಬನ ಗಳಿಕೆಯಾಗಿ ಬೆಳೆಯುತ್ತ ಹೋಗಬಾರದು.

ನಮ್ಮ ಅಂಗಳದ ಕಸ

ಇಷ್ಟು ಹೇಳಿ ನಿಲ್ಲಿಸಿದರೆ ಅದು ಆತ್ಮವಂಚನೆಯಾದೀತು. ಬಡ್ಡಿ ನಿಷಿದ್ಧವೆಂದು ನಂಬುವ ನಮ್ಮ ನಡುವೆಯೂ ಕಂತಿನ ವ್ಯಾಪಾರವಿದೆ. ನಗದಿಗೆ ಹತ್ತು ಸಾವಿರದ ಫ್ರಿಜ್ಜು ಕಂತಿನಲ್ಲಿ ಹದಿಮೂರು ಸಾವಿರ. ವ್ಯಾಪಾರಿ ಗಿರಾಕಿಗೆ ಹೇಳುವುದು "ತಿಂಗಳಿಗೆ ಸಾವಿರದ ಮುನ್ನೂರು, ಹತ್ತೇ ಕಂತು, ಬಡ್ಡಿಯ ಮಾತೇ ಇಲ್ಲ" ಎಂದು. ನಗದು ದರ ಎಷ್ಟೆಂದು ಆತ ಬಾಯಿಬಿಡುವುದಿಲ್ಲ. ಮುರಾಬಹಾ ಎಂಬ ವ್ಯಾಪಾರ ಕ್ರಮವನ್ನು ಶಾಸ್ತ್ರಜ್ಞರು ಒಪ್ಪಿರುವುದು, ತಾನು ಕೊಂಡ ಬೆಲೆ ಮತ್ತು ಇಟ್ಟುಕೊಂಡ ಲಾಭ ಎರಡನ್ನೂ ಗಿರಾಕಿಗೆ ತೆರೆದು ಹೇಳಬೇಕೆಂಬ ಷರತ್ತಿನ ಮೇಲೆ. ಆ ಷರತ್ತನ್ನು ಬಿಟ್ಟು ಹೆಸರನ್ನು ಮಾತ್ರ ಉಳಿಸಿಕೊಂಡರೆ, ಬಡ್ಡಿ ಎಂಬ ಶಬ್ದದಿಂದ ದೂರವಾಗಿರಬಹುದು, ಒದ್ದೆ ಧಾನ್ಯದಿಂದಲ್ಲ.

ಮಿಂಬರುಗಳಿಂದ ಬಡ್ಡಿಯ ಪಾಪವನ್ನು ಕೇಳುತ್ತ ಬೆಳೆದ ನಮ್ಮ ಯುವಕರಿಗೆ ಬಡ್ಡಿಯ ಲೆಕ್ಕವನ್ನು ನಾವು ಕಲಿಸಿದ್ದೇವೆಯೇ? ಪಾಪವೆಂದು ತಿಳಿದೂ ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ಅವರು ಕಾರ್ಡು ಉಜ್ಜುತ್ತಾರೆ, ಕಿರುಸಾಲದ ಸಂಘಕ್ಕೆ ಹೋಗುತ್ತಾರೆ, ಮೀಟರ್ ಬಡ್ಡಿಯವನ ಮನೆಯ ಮೆಟ್ಟಿಲು ಹತ್ತುತ್ತಾರೆ. ಬಲವಂತದ ವಸೂಲಿಗೆ ಬೇಸತ್ತ ಜನರ ಕೂಗು ಎಷ್ಟರಮಟ್ಟಿಗೆ ಏರಿತೆಂದರೆ, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಕಿರುಸಾಲಗಳ ಕುರಿತು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಇಪ್ಪತ್ತು ಸಾವಿರ ರೂಪಾಯಿಯನ್ನು ಬಡ್ಡಿಯಿಲ್ಲದೆ ಕೈಗಡವಾಗಿ ಕೊಡುವವರು ಆ ಓಣಿಯಲ್ಲಿ ಒಬ್ಬರೂ ಇರಲಿಲ್ಲವೇ? ಇದ್ದಿರಬಹುದು. ಆದರೆ ಕೇಳಲು ಆತ ನಾಚಿಕೊಂಡ. ಕಾರ್ಡಿನ ಮುಂದೆ ನಾಚಿಕೆ ಬೇಕಿಲ್ಲ. ಅದರ ದೊಡ್ಡ ಆಕರ್ಷಣೆಯೂ ಅದೇ.

ಕಾರ್ಡು ಬಳಸುವವರೆಲ್ಲ ಹಾಳಾಗುತ್ತಾರೆ ಎಂದು ನಾವು ಹೇಳುತ್ತಿಲ್ಲ. ಗಡುವಿನೊಳಗೆ ಪೂರ್ತಿ ಹಣ ಕಟ್ಟುವವರು ಬಡ್ಡಿಯ ಹತ್ತಿರವೂ ಸುಳಿಯುವುದಿಲ್ಲ. ಆದರೆ ಸಾಲ ಯಾವುದೇ ಇರಲಿ, ಸಹಿ ಹಾಕುವ ಮುನ್ನ ಮೂರು ಮಾತು ಕೇಳುವುದು ನಮ್ಮ ಹಕ್ಕು: ಈ ದರ ತಿಂಗಳಿನದೋ ವರ್ಷದ್ದೋ? ಕಟ್ಟಿದ ಅಸಲನ್ನು ಕಳೆದು ಬಡ್ಡಿ ಹಾಕುತ್ತೀರೋ, ಮೊದಲಿನ ಪೂರ್ತಿ ಮೊತ್ತದ ಮೇಲೆಯೋ? ಕೊನೆಗೆ ನನ್ನ ಕೈಯಿಂದ ಒಟ್ಟು ಎಷ್ಟು ರೂಪಾಯಿ ಹೋಗುತ್ತದೆ? ಎರಡನೆಯ ಪ್ರಶ್ನೆ ಸಣ್ಣದಲ್ಲ. ತಿಂಗಳ ಕಂತಿನಲ್ಲಿ ಒಂದು ವರ್ಷಕ್ಕೆ ತೀರಿಸುವ ಸಾಲಕ್ಕೆ ಪೂರ್ತಿ ಮೊತ್ತದ ಮೇಲೆ ಶೇ. 12 ಹಾಕಿದರೆ ಅದು ನಿಜದಲ್ಲಿ ಶೇ. 21ನ್ನು ಮೀರುತ್ತದೆ.

ಕೇಳುವುದು ಪಡೆಯುವವನ ಹಕ್ಕಾದರೆ, ಕೇಳದಿದ್ದರೂ ಹೇಳುವುದು ಕೊಡುವವನ ಧರ್ಮ. ಏಕೆಂದರೆ ಕಷ್ಟದಲ್ಲಿರುವವನ ಕಿವಿಗೆ ಸಣ್ಣ ಅಂಕಿ ಬಹಳ ಸಿಹಿಯಾಗಿ ಕೇಳಿಸುತ್ತದೆ. ಅದು ಗೊತ್ತಿದ್ದೇ ಸಣ್ಣ ಅಂಕಿಯನ್ನು ಆರಿಸಿಕೊಂಡವನು, ತಾನು ಸುಳ್ಳಾಡಲಿಲ್ಲ ಎಂದು ಹೇಳಿ ಪಾರಾಗಲಾರ.

ಆ ದಿನ ನಾವು ಹೊರಡುವಾಗ ಹಿರಿಯರು ಮಗನಿಗೆ ಒಂದು ಮಾತು ಹೇಳಿದರು. ಅವ್ವನ ಕಿವಿಯ ಬೆಂಡೋಲೆ ಮಾರಿ ಮೊದಲು ಆ ಬಾಕಿ ಹರಿಯಬೇಕು, ಬಂಗಾರ ಮತ್ತೆ ಮಾಡಿಸಬಹುದು ಎಂದು. ಆಕೆ ಆಗಲೇ ಬೆಂಡೋಲೆ ಬಿಚ್ಚುತ್ತಿದ್ದಳು. ಆಪರೇಷನ್ ಆದ ಕಣ್ಣಿನಿಂದ ಮಗನ ಕೈಯಲ್ಲಿದ್ದ ಕಾಗದವನ್ನು ನೋಡಿ, "ಇಷ್ಟು ಸಣ್ಣ ಅಕ್ಷರ ನನಗಿನ್ನೂ ಕಾಣವಲ್ದು" ಎಂದಳು.

ಆ ಅಕ್ಷರ ನಮ್ಮ ಕಣ್ಣಿಗೂ ಕಂಡಿರಲಿಲ್ಲ.